ಅತ್ತಿಗೆಗೆ ಹೇಳಿದ ಅರ್ಥ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಅಣ್ಣ ಇದ್ದಷ್ಟು ದಿನ ಅವನಿಗೆ ನೋವಾದೀತು ಎಂದು ಸುಮ್ಮನಿದ್ದೆ. ಅವನು ಹೋದ ಮೇಲೂ ಸುಮ್ಮನೇ ಇದ್ದೆ.

ನಮ್ಮ ತೋಟ ಬಿಳಿಗೆರೆ ಹತ್ತಿರ. ಅತ್ತಿಗೆಗೆ ವಯಸ್ಸಾದ ಮೇಲೆ ಎರಡು ಕಣ್ಣೂ ಹೋದವು. ಮನೆಯಲ್ಲಿ ಕುರುಡಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಪಿಂಚಣಿಗೆಂದು ಮಾಡಿಸಿದ ಡಾಕ್ಟರ ಸರ್ಟಿಫಿಕೇಟಿನಲ್ಲಿ ಇಂಗ್ಲಿಷಿನಲ್ಲಿ ಬ್ಲೈಂಡ್ ಎಂದಿತ್ತು. ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಓದಲಿ ಎಂದು ಹಿಂದೆ ಅಣ್ಣನನ್ನು ಒಪ್ಪಿಸಿದವರೂ ಅತ್ತಿಗೆಯೇ. ಸರ್ಟಿಫಿಕೇಟನ್ನು ನಾನೇ ಅವರಿಗೆ ಓದಿ ಹೇಳಿದೆ.

"ಹಂಗಂದ್ರೆ ಏನಪ್ಪ?" ಎಂದರು.

"ಕಣ್ಣು ವಸಿ ಮಂಜು ಅಂತ. ಅಷ್ಟೇ ಕಣತ್ಗೆ."

"ಸರಿಯಾಗೇ ಬರ್ದವ್ರೆ ಬುಡು. ಬಿಸ್ಲು ಬಂದ್ರೆ ಗೊತ್ತಾಯ್ತದೆ ನಂಗೆ."

ಅಂದಿನಿಂದ ಆ ಪದ ಮನೆಯೊಳಗೆ ಸಲೀಸಾಗಿ ಓಡಾಡಿತು. ಬ್ಯಾಂಕಿನಲ್ಲಿ ಅವರೆದುರಿಗೇ "ಬ್ಲೈಂಡು ಕಣ್ರೀ" ಎನ್ನುತ್ತಿದ್ದೆ. ಬಸ್ಸಿನಲ್ಲಿ ಅವರೂ, "ನಾನು ಬ್ಲೈಂಡು ಕಣವ್ವ, ವಸಿ ಜರುಗು" ಎಂದು ನಗುತ್ತಿದ್ದರು.

ಕಣ್ಣು ಹೋದರೂ ಅಟ್ಟದ ಕಾಯಿಯ ಮೇಲಿನ ಅಧಿಕಾರ ಅವರದೇ. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಒಳಗೆ ಇನ್ನೂ ನೀರಿದೆಯೋ ಹೇಳುತ್ತಿದ್ದರು. ಅವರು ಹೂಂ ಅನ್ನದೆ ನಾವು ಕಾಯಿ ಇಳಿಸಿದವರಲ್ಲ.

ಒಂದು ಬೆಳಗ್ಗೆ, ಅಣ್ಣ ಊರಲ್ಲಿಲ್ಲದಾಗ, ಹುಳಿಯಾರು ಕಡೆಯಿಂದ ಕಾಯಿ ಸುಲಿದು ಒಡೆಯುವವರು ಬಂದರು. ಮಾರನೆಯ ದಿನ ಅವರಿಗೆ ಬೇರೆ ಊರಲ್ಲಿ ಕೆಲಸ. ತಪ್ಪಿದರೆ ಮತ್ತೆ ತಿಂಗಳು ಸಿಗುವುದಿಲ್ಲ. ಅತ್ತಿಗೆ ನಾಲ್ಕು ಕಾಯಿ ಅಲ್ಲಾಡಿಸಿ ನೋಡಿ, "ಇನ್ನೂ ನೀರೈತೆ ಕಣಪ್ಪ, ಮುಟ್ಬ್ಯಾಡ" ಎಂದರು.

ಬಂದವರಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, "ಯಜಮಾನ್ರೇ, ಈ ಮನೇಲಿ ಯಾರ ಮಾತು ನಡೀತದೆ? ಬ್ಯಾಗ ಹೇಳ್ರೀ" ಎಂದು ಕೆಣಕಿದಳು. ನನಗೆ ರೇಗಿತು.

"ಅವ್ರನ್ನೇನ್ ಕೇಳ್ತೀಯ, ಅವ್ರು ಬ್ಲೈಂಡು."

"ಹಂಗಂದ್ರೆ?"

"ಕುರುಡಿ ಕಣಮ್ಮ. ಸುಲೀರಿ ನೀವು."

ಅತ್ತಿಗೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಮಂಜು ಅಂದಿದ್ಯಲ್ಲಪ್ಪ" ಎಂದರು. ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಒಡೆದದ್ದರಲ್ಲಿ ಅರ್ಧಕ್ಕೂ ಹೆಚ್ಚು ಹಸಿ. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚಿಪ್ಪಿಗೆ ಅಂಟಿ ಚೂರಾಯಿತು. ಮುಂದಿನ ವರ್ಷ ನಾನೇ ಒಂದು ಕಾಯಿ ತಂದು ಅವರ ಕೈಗಿಟ್ಟೆ. ಅಲ್ಲಾಡಿಸದೆ ಹಿಂದಕ್ಕೆ ಕೊಟ್ಟರು.

"ನಂಗೇನ್ ಕಾಣ್ತದೆ, ನೀನೇ ನೋಡ್ಕೊ."

ಆಮೇಲೆ ಆರು ವರ್ಷ ಬದುಕಿದ್ದರು. ದಿನಾ ಒಂದೇ ನಡುಮನೆಯಲ್ಲಿ ಕೂತು ಮುದ್ದೆ ಉಂಡೆವು. ತಪ್ಪಾಯ್ತು ಅನ್ನಲು ಎಷ್ಟೋ ಸಲ ಬಾಯಿ ತೆರೆದು, ಸಾರು ಬಡಿಸಲೇ ಎಂದು ಕೇಳಿದ್ದೇನೆ. ಆ ಮಾತನ್ನು ನಾನು ಹೇಳದೇ ಉಳಿಸಿಕೊಂಡದ್ದು ಒಬ್ಬರ ಹತ್ತಿರ. ನನ್ನ ಅತ್ತಿಗೆಯ ಹತ್ತಿರ.