ದೋಣಿಗೆ ಅಮ್ಮ ಬಂದ ಬೇಸಿಗೆ

ಸಿಂಗಟಾಲೂರಿನ ಮೂಕಪ್ಪ ಹೆಸರಿಗೆ ಮಾತ್ರ ಮೂಕ. ದೋಣಿ ಹತ್ತಿದವರು ಹೊಳೆಯ ಆಚೆ ದಡ ಮುಟ್ಟುವುದರೊಳಗೆ ಅವನ ಅರ್ಧ ಆಯುಷ್ಯದ ಕಥೆ ಕೇಳಿ ಇಳಿಯುತ್ತಾರೆ. ಅವನ ಅಪ್ಪ ದಿನಾ ಸಂಜೆ ಹರಗೋಲನ್ನು ದಂಡೆಗೆಳೆದು ಬೋರಲು ಹಾಕಿ ಒಣಗಿಸುತ್ತಿದ್ದ. ಮಗನದು ಫೈಬರ್ ದೋಣಿ. ಫೈಬರ್‌ಗೆ ನೀರೇನು ಮಾಡೀತು ಎಂದು ಜಂಬ ಕೊಚ್ಚಿ ವರ್ಷವಿಡೀ ಹೊಳೆಯಲ್ಲೇ ಬಿಟ್ಟ.

ನೀರು ಮಾಡುವುದನ್ನು ಮಾಡಿತು. ತಳದ ತುಂಬ ಕಡಲೆಯಷ್ಟಷ್ಟು ಗುಳ್ಳೆ ಎದ್ದವು. ಹೋದ ವರ್ಷ ಎರಡೇ ದಿನದಲ್ಲಿ ಅವನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದು ನೀರಿಗಿಳಿಸಿದ್ದ. ಈ ಬೇಸಿಗೆಗೆ ಇಮ್ಮಡಿಯಾಗಿ ಬಂದವು. ಬೆಟಗೇರಿಯಿಂದ ಬಂದ ಫೈಬರ್ ಕೆಲಸದ ಶಕೀಲ ಒಂದೊಂದನ್ನೂ ಒಡೆದಾಗ ಹುಳಿ ವಾಸನೆಯ ನೀರು ಜಿನುಗಿತು. ಅವನು ತಳವನ್ನು ಚೊಕ್ಕ ನೀರಲ್ಲಿ ತೊಳೆದು, ಹಸಿ ಇರುವಾಗಲೇ ಮುಚ್ಚಿದ್ದು ತಪ್ಪು, ಇನ್ನು ತಿಂಗಳು ಒಣಗಿಸಬೇಕು, ಮತ್ತೊಮ್ಮೆ ಎದ್ದರೆ ತಳವೇ ಹೋಗುತ್ತದೆ ಎಂದ. ದೋಣಿ ಬಿಟ್ಟರೆ ಮೂಕಪ್ಪನಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೂ ತಿಂಗಳು ಹೊಳೆ ಬಿಟ್ಟಿರುವುದು ಅವನಿಂದಾಗದ ಮಾತು. ಒಂದು ವಾರ ಸಾಕೆಂದು ಚೌಕಾಶಿಗಿಳಿದ.

ಅಷ್ಟರಲ್ಲಿ ಅವನ ತಾಯಿ ಹನಮಂತವ್ವ ಬುತ್ತಿ ತಂದಳು. ಬೋರಲು ಬಿದ್ದ ದೋಣಿ ನೋಡಿ ಬುತ್ತಿಯನ್ನು ಕೆಳಗಿಟ್ಟಳು.

"ದೋಣಿಗೆ ಅಮ್ಮ ಬಂದಾಳ. ಗುಳ್ಳಿ ಯಾಕ ಒಡದ್ರಿ? ಮೈಮ್ಯಾಲ ಕಲಿ ಉಳಿತಾವ."

ಮೂಕಪ್ಪನಿಗೆ ನಗು. ಶಕೀಲ ನಗಲಿಲ್ಲ. ಅಮ್ಮ ಬಂದವರಿಗೆ ಎಲ್ಲಿಯವರೆಗೆ ಮೈಗೆ ನೀರು ಹಾಕುವುದಿಲ್ಲ ಎಂದು ಕೇಳಿದ. ಅಮ್ಮ ಇಳಿಯುವ ತನಕ ಎಂದಳು ಮುದುಕಿ.

"ಹಂಗಾರ ದೋಣಿ ನಿಮ್ಮ ಕೈಯಾಗ ಐತ್ರಿ ಅವ್ವಾರ. ನಾ ಬಂದು ನೋಡೂ ತನಕ ನೀರು ಮುಟ್ಟಿಸಬ್ಯಾಡ್ರಿ."

ಹನಮಂತವ್ವ ದೋಣಿಗೆ ಬೇವಿನ ಸೊಪ್ಪು ಕಟ್ಟಿ, ದಿನಾ ಪಕ್ಕದ ಜಾಲಿ ನೆರಳಲ್ಲಿ ಕೂತಳು. ಹತ್ತನೆಯ ದಿನ ತಡೆಯಲಾರದೆ ಮೂಕಪ್ಪ ದೋಣಿಯನ್ನು ನೀರಿಗೆಳೆಯಲು ಹಗ್ಗ ಹಿಡಿದು ಬಂದ. ಸಣ್ಣವನಿದ್ದಾಗ ಅಮ್ಮ ಬಂದಾಗಲೂ ಹೇಳಿದ್ದು ಕೇಳದೆ ನೀನು ಕೆರೆದುಕೊಂಡೆ, ಹೋಗಿ ಕನ್ನಡಿ ನೋಡಿಕೋ ಎಂದಳು. ಅವನು ಕೆನ್ನೆಯ ಕುಳಿಗಳನ್ನು ಸವರಿಕೊಂಡು ಹಗ್ಗ ಸುತ್ತಿದ.

ತಿಂಗಳಾದ ಮೇಲೆ ಶಕೀಲ ಬಂದು, ತಳ ಒಣಗಿದ್ದು ಖಾತ್ರಿ ಮಾಡಿಕೊಂಡು ಹೊಸ ಪದರ ಎಳೆದ. ಅಂದಿನಿಂದ ಮೂಕಪ್ಪ ಅಪ್ಪನ ಹಾಗೆಯೇ, ಕೊನೆಯ ಸಲ ದಾಟಿದವರಿಂದ ಒಂದು ಕೈ ಹಾಕಿಸಿ, ಸಂಜೆ ದೋಣಿಯನ್ನು ದಂಡೆಗೆ ಎಳೆಯುತ್ತಾನೆ. ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಅದನ್ನು ಬೋರಲು ಹಾಕಿ, ತಾನು ಮುಟ್ಟಲು ಹೆದರಿ ಅವ್ವನನ್ನು ಕರೆದ. ಅವಳು ಉದ್ದಕ್ಕೂ ಅಂಗೈ ಆಡಿಸಿದಳು.

"ಒಂದೂ ಕಲಿ ಇಲ್ಲ. ನಿನಗಿಂತ ಇದ ಛಲೋ, ಹೇಳಿದ್ದು ಕೇಳೂ ಕೂಸು."

ದಂಡೆಯಲ್ಲಿದ್ದವರೆಲ್ಲ ನಕ್ಕರು. ಮೂಕಪ್ಪ ಒಂದು ಮಾತೂ ಆಡದೆ, ಅವ್ವನನ್ನೇ ಮೊದಲು ಹತ್ತಿಸಿಕೊಂಡು ಹೊಳೆಗಿಳಿದ.