ಮಾತಾಡುತ್ತ ಹತ್ತಬೇಕಾದ ಗುಡ್ಡ

೧೯೮೪ರಲ್ಲಿ, ಏಳನೇ ತರಗತಿಯ ನಡುವಿಗೇ ನಾನು ಶಾಲೆ ಬಿಟ್ಟೆ. ಮರುದಿನವೇ ಬಳ್ಳಾರಿಯ ಕೌಲ್ ಬಜಾರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕಬ್ಬಿಣ ಹಿಡಿದವನು ಇವತ್ತಿಗೂ ಕೈಬಿಟ್ಟಿಲ್ಲ. ಈಗ ಅಂಗಡಿ ನನ್ನದೇ. ಕಂಟೋನ್ಮೆಂಟಿನ ಎಷ್ಟೋ ಮನೆಗಳ ಗೇಟು ನಾನು ಮಾಡಿದ್ದು. ಒಂದು ಬೆರಳಿಗೆ ತೆರೆದುಕೊಳ್ಳುತ್ತವೆ. ಗುದ್ದಿದರೆ ಕಾರೇ ನಜ್ಜುಗುಜ್ಜಾಗುತ್ತದೆ. ಇಂಥವನಿಗೆ "ಮೈಯಲ್ಲಿ ಕಸುವು ಎಷ್ಟಿದೆ ನೋಡಿಕೊಂಡು ಪ್ರವಾಸ ಆರಿಸಿಕೊಳ್ಳಿ" ಎಂದರೆ ಸಿಟ್ಟು ಬರುವುದಿಲ್ಲವೇ?

ಹೇಳಿದವರು ನನ್ನ ಅಳಿಯ. ಮಗಳನ್ನು ಸಿರುಗುಪ್ಪದ ಹತ್ತಿರದ ಕರೂರಿಗೆ ಕೊಟ್ಟಿದ್ದೇವೆ. ಅಳಿಯನಿಗೆ ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಬಿಡುವು ಸಿಕ್ಕರೆ ಬೆಟ್ಟ ಹತ್ತುವ ಹುಚ್ಚು. ಒಮ್ಮೆಯಾದರೂ ಹಿಮ ಮುಟ್ಟಬೇಕು ಎಂದು ನಾನು ಬಹಳ ವರ್ಷಗಳಿಂದ ಅನ್ನುತ್ತಿದ್ದೆ. ಬಳ್ಳಾರಿಯ ಬೇಸಿಗೆಯಲ್ಲಿ ಬೆಂಕಿಯ ಕಿಡಿ ಮುಂದೆ ಕೂತವನಿಗೆ ಇನ್ನೆಂಥ ಆಸೆ ಇರುತ್ತದೆ? ಅಳಿಯ ನಮ್ಮನ್ನೂ ಬೀಗರನ್ನೂ ಹಿಮಾಲಯಕ್ಕೆ ಕರೆದೊಯ್ಯುತ್ತೇನೆ ಎಂದರು. ಎರಡು ಬಗೆಯ ಪ್ರವಾಸಗಳಿದ್ದವು. ಒಂದರಲ್ಲಿ ಬೆನ್ನಿಗೆ ಚೀಲ ಹೊತ್ತು ದಿನಗಟ್ಟಲೆ ಬೆಟ್ಟದಲ್ಲಿ ನಡೆಯಬೇಕು. ಇನ್ನೊಂದರಲ್ಲಿ ಹಿಮದ ಅಂಚಿನವರೆಗೂ ಜೀಪು, ಆಮೇಲೆ ತುಸು ನಡಿಗೆ.

"ನಡಿಯೋದೇ ಇರ್ಲಿ," ಎಂದೆ. "ಜೀಪಿನ್ಯಾಗ ಕುಂದ್ರಾಕ ಅಷ್ಟು ದೂರ ಯಾಕ ಹೋಗಬೇಕ್ರಿ?"

ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು. "ಫ್ಯಾನ್ ಒರಸಾಕ ಸ್ಟೂಲ್ ಹತ್ರಿ ಅಂದ್ರ, ಕೆಳಗ ಗಟ್ಟಿ ಹಿಡ್ಕೋ ಅಂತೀರಿ. ಅಲ್ಲಿ ಹಿಮಾಲಯನ ಯಾರು ಹಿಡ್ಕೋಬೇಕು?"

ಅಳಿಯ ನಗು ನುಂಗಿಕೊಂಡರು. "ಮಾವಾರ, ಮೊದ್ಲು ಕುರುಗೋಡು ಗುಡ್ಡ ಹತ್ತಿ ನೋಡೂಣು. ಮಾತಾಡ್ಕೋತ ಹತ್ತಾಕ ಬಂದ್ರ ನಡಿಯೋ ಟ್ರಿಪ್. ಮಾತು ನಿಂತ್ರ ಜೀಪ್."

ನನ್ನ ಮಾತು ನಿಂತ ದಿನವನ್ನು ಕೌಲ್ ಬಜಾರಿನಲ್ಲಿ ಯಾರೂ ಕಂಡಿಲ್ಲ. ನನಗೆ ಚಿಂತೆ ಇದ್ದದ್ದು ಬೀಗರ ಬಗ್ಗೆ. ಅವರು ಭತ್ತದ ಗದ್ದೆಯವರು, ಬದುವಿನ ಮೇಲೆ ಓಡಾಡಿದ ಕಾಲು. ಅವರೂ "ನಡಿಯೋದೇ" ಅಂದಿದ್ದರು. ಅವರು ನಡೆದು ನಾನು ಜೀಪಿನಲ್ಲಿ ಹೋದರೆ, ಮಗಳ ಮನೆಯಲ್ಲಿ ಆ ಮಾತು ಮೊಮ್ಮಕ್ಕಳ ಮದುವೆಯವರೆಗೂ ಓಡುತ್ತದೆ.

ಭಾನುವಾರ ಬೆಳಿಗ್ಗೆ ಮೂವರೂ ಕುರುಗೋಡಿನಲ್ಲಿ ಸೇರಿದೆವು. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಹೆಣ್ಣು ಕೊಟ್ಟವನು ನಾನು, ಬೀಗರಿಗೆ ಒತ್ತಾಯ ಮಾಡಿ ತಿನ್ನಿಸುವುದು ರೂಢಿ. ಒಳಗೊಂದು ಲೆಕ್ಕಾಚಾರವೂ ಇತ್ತು: ಹೊಟ್ಟೆ ಭಾರವಾದಷ್ಟೂ ಕಾಲು ಭಾರ.

"ಬೀಗ್ರ, ಇನ್ನೊಂದು ಮಿರ್ಚಿ."

"ನೀವು ತಗೊಂಡ್ರ ನಾನೂ ತಗೊಂತೀನಿ."

ಬೀಗರನ್ನು ಒಬ್ಬರನ್ನೇ ತಿನ್ನಲು ಬಿಡುವಂತಿಲ್ಲ. ಅವರ ತಟ್ಟೆಗೆ ನಾನು ಹಾಕಿದೆ, ನನ್ನ ತಟ್ಟೆಗೆ ಅವರು ಹಾಕಿದರು. ಅವರೂ ಅದೇ ಲೆಕ್ಕ ಹಾಕಿದ್ದರೆಂದು ತಿಳಿದದ್ದು ಗುಡ್ಡದ ಬುಡದಲ್ಲಿ, ಇಬ್ಬರೂ ಒಟ್ಟಿಗೆ ತೇಗಿದಾಗ. ಅಳಿಯ ತಿಂದದ್ದು ಬಾಳೆಹಣ್ಣು ಮಾತ್ರ.

ಮೊದಮೊದಲು ನನ್ನ ಮಾತು ಗುಡ್ಡದ ಆಚೆಗೂ ಕೇಳುವಂತಿತ್ತು. ಬಂಡೆಗಳ ನಡುವೆ ದಾರಿ ಕಡಿದಾಯಿತು ನೋಡಿ, ತೋಳಿಗೆ ಏನೂ ಕೆಲಸವಿಲ್ಲ. ಭಾರವೆಲ್ಲ ತೊಡೆಗೆ, ಉಸಿರಿಗೆ. ಕುಕ್ಕರಗಾಲಲ್ಲಿ ಕೂತು ವೆಲ್ಡಿಂಗ್ ಮಾಡಿದ ಕಾಲಿಗೆ ಏರು ಎಂದರೇನೆಂದೇ ಗೊತ್ತಿರಲಿಲ್ಲ.

ಆಗಲೇ ಬೀಗರು ಹಿಂದಿನಿಂದ ಚುಚ್ಚಿದರು. "ಬೀಗ್ರ, ನಿಮ್ಮ ಮಗಳ ಮದುವಿ ಊಟಕ್ಕ ಏನೇನ್ ಮಾಡ್ಸಿದ್ರಿ? ಒಂದೊಂದ ಹೇಳ್ರಲ್ಲ."

ಅದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. "ಗೋಧಿ... ಹುಗ್ಗಿ..." ಎಂದೆ. ಮುಂದಿನದಕ್ಕೆ ಉಸಿರಿರಲಿಲ್ಲ.

"ಹುಗ್ಗಿ ಒಂದೇ ಏನ್ರಿ? ಪಾಪ!"

ಸೋತದ್ದು ಕಾಣಬಾರದೆಂದು ಪಕ್ಕದ ಬಂಡೆಗೆ ಕೈಯಿಟ್ಟು, ಕೊಳ್ಳಲು ಬಂದವನಂತೆ ಅದನ್ನು ಮೇಲೆ ಕೆಳಗೆ ನೋಡಿದೆ. ಸ್ವಲ್ಪ ಹತ್ತಿ ಇನ್ನೊಂದನ್ನೂ ನೋಡಿದೆ. ಹಿಂದಿನಿಂದ ಮಾತೇ ಬರುತ್ತಿಲ್ಲವಲ್ಲ ಎಂದು ತಿರುಗಿದರೆ, ಬೀಗರೂ ಒಂದು ಬಂಡೆ ನೋಡುತ್ತಿದ್ದರು.

"ಯಾಕ... ಸುಮ್ಮನಾದ್ರಿ?"

ಬೀಗರು ಬಾಯಿ ತೆರೆದರು. ಮಿರ್ಚಿಯ ತೇಗು ಬಂತು, ಮಾತು ಬರಲಿಲ್ಲ.

ಅಳಿಯ ಮೇಲಿನಿಂದ ಇಳಿದು ಬಂದು ನೀರು ಕೊಟ್ಟರು. "ಹಂಗಾದ್ರ ಯಾವುದು ಬುಕ್ ಮಾಡ್ಲಿ?"

"ನಿಮ್ಮ ಮಾವಾರ್ನ ಕೇಳು," ಎಂದರು ಬೀಗರು ಏದುಸಿರಿನಲ್ಲೇ.

"ಬೀಗ್ರು ಹಿರೇರು, ಅವ್ರೇ ಹೇಳ್ಲಿ."

"ಇಲ್ಲ ಇಲ್ಲ, ನೀವು ಮೊದ್ಲು."

ಮಿರ್ಚಿಯಂತೆ ಇದೂ ಆ ತಟ್ಟೆಯಿಂದ ಈ ತಟ್ಟೆಗೆ ಓಡಾಡಿತು. ಅಳಿಯ ತಾಳ್ಮೆಯಿಂದ ಹೇಳಿದರು: "ನಡಿಯೋದಕ್ಕ ಹೆಸರು ಕೊಟ್ಟು ನಡುದಾರ್ಯಾಗ ಉಸಿರು ಕಟ್ಟಿದ್ರ, ಅಲ್ಲಿಂದನ ವಾಪಸ್ ಕಳಿಸ್ತಾರ. ಹಿಮ ಸಿಗೂದಿಲ್ಲ ನೋಡ್ರಿ."

ನಾನು ಬೆವರು ಒರೆಸಿಕೊಂಡೆ. ಬೀಗರ ಮುಂದೆ ತಲೆ ಎತ್ತಿ ನಡೆಯುವುದೂ ಬೇಕಿತ್ತು, ಹಿಮವೂ ಬೇಕಿತ್ತು. ಎರಡನ್ನೂ ಹೊತ್ತು ಏರುವ ಕಸುವು ಇರಲಿಲ್ಲ.

"ಜೀಪ್," ಎಂದೆ. ಅಷ್ಟು ಹೊತ್ತಿನಲ್ಲಿ ತಡವರಿಸದೆ ಬಂದ ಮಾತು ಅದೊಂದೇ.

ಬಂಡೆಗೆ ಒರಗಿದ್ದ ಬೀಗರು ಥಟ್ಟನೆ ನೆಟ್ಟಗಾದರು. "ಬೀಗ್ರನ್ನ ಒಬ್ರನ್ನ ಜೀಪಿನ್ಯಾಗ ಕಳ್ಸಾಕ ಬರ್ತೈತೇನು? ಮರ್ಯಾದಿ ಪ್ರಶ್ನಿ! ನಂದೂ ಜೀಪ್."

ಬೇಸಿಗೆಯಲ್ಲಿ ಹೋದೆವು. ಜೀಪಿಳಿದು ನಿಧಾನಕ್ಕೆ ನಡೆದೆವು. ಹಿಮ ಕೈಯಲ್ಲಿ ಹಿಡಿದಾಗ ಚುರುಗುಟ್ಟಿತು, ಥೇಟ್ ಕಾದ ಕಬ್ಬಿಣ ಮುಟ್ಟಿದಂತೆ. ಒಂದು ಮುದ್ದೆ ಬೀಗರ ಅಂಗಿಯ ಬೆನ್ನೊಳಗೆ ಹಾಕಿದೆ. ಅವರು ನನ್ನನ್ನು ಅಟ್ಟಿಸಿಕೊಂಡು ನಾಲ್ಕು ಹೆಜ್ಜೆ ಓಡಿದರು, ಆಮೇಲೆ ಇಬ್ಬರೂ ಕೂತೆವು.

ಈಗ ನನಗಿರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಯಂತ್ರ, ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಅಳಿಯ, ಒಬ್ಬರು ಬೀಗರು, ಮತ್ತು ಹಿಮ ಮುಟ್ಟಿ ಬಂದ ಎರಡು ಕೈ.