ಅಡ್ಮಿನ್ ಅಪ್ಪ ಒಬ್ಬರೇ

ಗೆಳೆಯರೇ, ಅಪ್ಪನ ಮೂರು ದಿನದ ಕಾರ್ಯ ನಿನ್ನೆ ಮುಗಿಯಿತು. ಇವತ್ತು ಮುಂಜಾನೆ ಗೊರೇಬಾಳದ ನಮ್ಮ ಮನೆಗೆ ಅಪ್ಪನ ತಮ್ಮ ಬಸಪ್ಪ ಕಾಕಾ ಬಂದರು. ಚಹಾ ಕುಡಿದು ಲೋಟ ಇಟ್ಟು, “ತಮ್ಮಾ, ನಿಮ್ಮಪ್ಪನ ಫೋನ್ ಎಲ್ಲೈತಿ? ನೀರಿನ ಪಾಳಿ ಯಾರದಂತ ತಿಳೀವಲ್ದು. ಕಾಲುವಿ ತೂಬಿನ ಮ್ಯಾಲ ಬಡದಾಡಾಕತ್ತಾರ” ಎಂದರು.

ನಮ್ಮ ಕಾಲುವೆಯ ರೈತರ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಗದ್ದೆಗೆ ಯಾವಾಗ ನೀರು ಎಂದು ಅಪ್ಪನೇ ಬರೆಯುತ್ತಿದ್ದರು. ಗುಡ್ ಮಾರ್ನಿಂಗ್ ಹೂವುಗಳ ಕಾಟ ತಾಳಲಾರದೆ, ಬೇರೆ ಯಾರೂ ಬರೆಯದಂತೆ ಬಂದ್ ಮಾಡಿಟ್ಟಿದ್ದರು.

ಫೋನಿನ ಪಾಸ್‌ವರ್ಡ್ ಅವ್ವನಿಗೆ ಗೊತ್ತಿತ್ತು. ಅಪ್ಪನ ಫೋನಿನಿಂದಲೇ ಅಪ್ಪನ ಸಾವಿನ ಸುದ್ದಿ ಹಾಕಿ, ಎಲ್ಲರೂ ಬರೆಯಲಿ ಎಂದು ಗ್ರೂಪ್ ತೆರೆದೆ. ಹತ್ತೇ ನಿಮಿಷದಲ್ಲಿ ಓಂ ಶಾಂತಿ, ದೀಪ, ಮುಗಿದ ಕೈಗಳು, ಮತ್ತೆ ಅದೇ ಗುಲಾಬಿ. ಪಾಳಿ ಕೇಳಿ ಕಾಕಾ ಹಾಕಿದ ಮೆಸೇಜ್ ಎಲ್ಲೋ ಮೇಲೆ ಹೋಗಿಬಿಟ್ಟಿತು.

ಒಳಗಿನಿಂದ ಅವ್ವ ಅಂದಳು: “ಮೊದ್ಲು ಅದನ್ನ ಬಂದ್ ಮಾಡು. ನಿಮ್ಮಪ್ಪ ಸುಮ್ಮನ ಮಾಡಿದ್ದಿಲ್ಲ.”

ಬಂದ್ ಮಾಡಿದೆ. ಅಪ್ಪ ಪಾಳಿ ಗುರುತು ಹಾಕಿಡುತ್ತಿದ್ದ ಡೈರಿ ನೋಡಿ, ಅವರು ಬರೆಯುತ್ತಿದ್ದ ಹಾಗೇ ಬರೆದೆ: “ಇಂದು ಮಧ್ಯಾಹ್ನ ಬಸಪ್ಪನ ಪಾಳಿ. ಉಳಿದವರು ತೂಬು ಮುಟ್ಟಬಾರದು.”

ಎದುರಿಗೇ ಕುಳಿತಿದ್ದ ಕಾಕಾನ ಫೋನ್ ಟಿಂಗ್ ಎಂದಿತು. ಪರದೆಯ ಮೇಲೆ ಅಪ್ಪನ ಹೆಸರು, ಅಪ್ಪನ ಫೋಟೊ. ಕಾಕಾ ಓದಿದರು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು, “ಆತು ಬಿಡಣ್ಣ” ಅಂದು ಗದ್ದೆಗೆ ಹೊರಟರು.

ಕಾಕಾ ನನ್ನನ್ನು ಯಾವತ್ತೂ ಅಣ್ಣ ಅಂದವರಲ್ಲ.